ತಾಮ್ರದ ಸುರುಳಿ ಮತ್ತು ಅಳಿಯಂದಿರ ಗಂಟಲು

ದನಿ ಹೋಗಿದೆ ಎಂದು ಸುಳ್ಳು ಹೇಳಬೇಕಾದರೂ ಒಂದಿಷ್ಟು ದನಿ ಬೇಕೇ ಬೇಕು. ಅಳಿಯಂದಿರು ಬೆಳಿಗ್ಗೆ ಎದ್ದವರೇ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅದರ ತಾಲೀಮು ನಡೆಸಿದರು. ಜಾಸ್ತಿ ಕೆಮ್ಮಿದರೆ ನಾಟಕ ಅನ್ನಿಸುತ್ತದೆ, ಕಡಿಮೆ ಕೆಮ್ಮಿದರೆ ಕೆಲಸಕ್ಕೆ ಬಾ ಅನ್ನುತ್ತಾರೆ. ಕೊನೆಗೆ ತೂತು ಬಿದ್ದ ಬಲೂನಿನಂತೆ ಬರೀ ಗಾಳಿ ಹೊರಡುವ ಒಂದು ಸ್ವರ ಸಿಕ್ಕಿತು. ಅದು ಕೈತಪ್ಪುವ ಮೊದಲೇ ಆಫೀಸಿಗೆ ಫೋನ್ ಮಾಡಿದರು.

“ಸಾರ್... ಗಂಟಲು... ಪೂರ್ತಿ...”

“ಅಯ್ಯೋ, ಮಾತಾಡ್ಬೇಡಿ, ಮಾತಾಡ್ಬೇಡಿ!” ಎಂದರು ಸೂಪರ್‌ವೈಸರ್. “ನಿಮ್ಮ ಸೀಟಲ್ಲಿ ಇವತ್ತು ನಾನೇ ಕೂತ್ಕೋತೀನಿ. ನೀವು ಬೆಚ್ಚಗೆ ಮಲಕ್ಕೊಳ್ಳಿ.”

ಅಳಿಯಂದಿರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇಲ್ಲದಿರಲಿಲ್ಲ. ಆದರೆ ಮನೆಯಲ್ಲಿದ್ದ ಅತ್ತೆ ಹೊತ್ತು ಹೊತ್ತಿಗೂ “ಅಳಿಯಂದಿರೇ” ಎಂದು ಕೂಗಿ ಕೂಗಿ ಅವರು ಇಡೀ ಕಟ್ಟಡಕ್ಕೇ ಅಳಿಯಂದಿರಾಗಿಬಿಟ್ಟಿದ್ದರು. ಅವರ ಕೆಲಸ ಕಂಪ್ಯೂಟರ್ ಕಂಪನಿಯೊಂದರ ಹೆಲ್ಪ್‌ಲೈನಿನಲ್ಲಿ. ಕಂಪ್ಯೂಟರ್ ಕೆಟ್ಟವರು ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯುತ್ತಾರೆ, ಇವರು ಎದುರಿನ ಪರದೆ ನೋಡಿಕೊಂಡು “ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿದಿರಾ?” ಎಂದು ಓದುತ್ತಾರೆ. ಆಮೇಲೂ ಬೈದರೆ “ನಿಮ್ಮ ಸಹನೆಗೆ ಧನ್ಯವಾದಗಳು” ಎಂದು ಓದುತ್ತಾರೆ. ಕಂಪ್ಯೂಟರಿನ ಹೊಟ್ಟೆಯೊಳಗೆ ಏನಿದೆ ಎಂಬುದು ಅವರಿಗೂ ಅಷ್ಟಕ್ಕಷ್ಟೇ.

ಇಂಥ ಮನುಷ್ಯನ ಮಾತನ್ನು ಕೇಳುವವರು ಲೋಕದಲ್ಲಿ ನಾಲ್ಕೇ ನಾಲ್ಕು ಜನ ಇದ್ದರು. ಅವರನ್ನು ಅಳಿಯಂದಿರು ಕಣ್ಣಿನಿಂದ ನೋಡಿಯೇ ಇರಲಿಲ್ಲ. ಕೋಟೆ ಮುತ್ತುವ ಆನ್‌ಲೈನ್ ಆಟವೊಂದರಲ್ಲಿ ಆ ನಾಲ್ವರಿಗೂ ಇವರೇ ಕ್ಯಾಪ್ಟನ್. ಕಿವಿಗೆ ಹೆಡ್‌ಫೋನ್ ಏರಿಸಿ “ಎಡಕ್ಕೆ ನುಗ್ಗಿ!” ಎಂದರೆ ಎಡಕ್ಕೆ ನುಗ್ಗುತ್ತಿದ್ದರು, “ನಿಲ್ಲಿ!” ಎಂದರೆ ನಿಲ್ಲುತ್ತಿದ್ದರು. ಮನೆಯಲ್ಲಿ ಟೀವಿ ಸಣ್ಣಗೆ ಮಾಡಿ ಎಂದರೂ ಯಾರೂ ಮಾಡದ ಮನುಷ್ಯನಿಗೆ ಇದಕ್ಕಿಂತ ಸುಖ ಬೇರೇನಿದೆ? ಈ ತಂಡ ಮೊಟ್ಟಮೊದಲ ಸಲ ಫೈನಲ್ ತಲುಪಿತ್ತು. ಫೈನಲ್ ಇವತ್ತೇ, ಸಂಜೆ ನಾಲ್ಕಕ್ಕೆ.

ಹೆಂಡತಿ ಆಗಲೇ ಕೆಲಸಕ್ಕೆ ಹೋಗಿಯಾಗಿತ್ತು. ಅತ್ತೆಗಾದರೂ ನಿಜ ಹೇಳೋಣವೆಂದರೆ, ಎದುರುಮನೆಯ ಅಕ್ಕ ಬೇರೆ ಯಾರೂ ಅಲ್ಲ, ಸೂಪರ್‌ವೈಸರರ ಒಡಹುಟ್ಟಿದ ಅಕ್ಕ. ಈ ಹೊಸ್ತಿಲಲ್ಲಿ ಅಂದದ್ದು ಆ ಹೊಸ್ತಿಲು ದಾಟಿ ಆಫೀಸು ಸೇರಲು ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಬೇಡ. ಹಾಗಾಗಿ ಅಳಿಯಂದಿರು ಅತ್ತೆಯ ಮುಂದೆಯೂ ಗಂಟಲು ತೋರಿಸಿ ಕೈಯಾಡಿಸಿ, ಮೂಗರಾಗಿಬಿಟ್ಟರು.

“ಅಯ್ಯೋ ಪಾಪ! ಇರಿ, ಬಿಸಿಬಿಸಿ ಉಪ್ಪುನೀರು ತರ್ತೀನಿ. ಬಾಯಿ ಮುಕ್ಕಳಿಸಿ,” ಎಂದು ಅತ್ತೆ ಸಡಗರದಿಂದ ಎದ್ದರು. ತೊಡೆಯ ಮೇಲಿದ್ದ ದಿಂಬಿನ ಕಸೂತಿ ಪಕ್ಕಕ್ಕೆ ಹೋಯಿತು.

ಉಪ್ಪುನೀರು ನಾಲಗೆ ಸುಟ್ಟಿತು. ಇರಲಿ ಎಂದುಕೊಂಡು ಅಳಿಯಂದಿರು ಅಭ್ಯಾಸಕ್ಕೆಂದು ಕಂಪ್ಯೂಟರ್ ಹಾಕಿದರು. ಅದು ಪಕ್ಕದಲ್ಲಿ ಗಾಜಿನ ಬಾಗಿಲು, ಒಳಗೆಲ್ಲ ಬಣ್ಣದ ದೀಪ ಇದ್ದ ಭರ್ಜರಿ ಪೆಟ್ಟಿಗೆ. ಆಟ ಶುರುವಾಯಿತು. ಕೋಟೆಯ ಬಾಗಿಲು ತೆರೆಯಬೇಕು, ಅಷ್ಟರಲ್ಲಿ ಪರದೆಯ ತುಂಬ ಹಸಿರು ಗೆರೆ ಎದ್ದು, ಫ್ಯಾನುಗಳು ಬೊಬ್ಬೆ ಹೊಡೆದು, ಎಲ್ಲ ಕಪ್ಪಾಯಿತು.

ಅಳಿಯಂದಿರು ಆಫ್ ಮಾಡಿ ಆನ್ ಮಾಡಿದರು. ಮತ್ತೆ ಹಸಿರು, ಮತ್ತೆ ಕಪ್ಪು. ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ತಂತ್ರಾಂಶ ಅಳಿಸಿ ಹೊಸದು ಹಾಕಿದರು. ಅದೇ ಹಸಿರು, ಅದೇ ಕಪ್ಪು. ಆಟದ ಚಿತ್ರದ ಗುಣಮಟ್ಟ ಇಳಿಸಿ ಇಳಿಸಿ ಕೋಟೆ ಬೆಂಕಿಪೆಟ್ಟಿಗೆಯಂತೆ ಕಾಣತೊಡಗಿತು, ಆದರೂ ಬಾಗಿಲ ಬಳಿ ಬಂದೊಡನೆ ಕತ್ತಲೆ. ಆಫೀಸಿನಲ್ಲಿ ಓದುತ್ತಿದ್ದ ಪಾಠವೆಲ್ಲ ಅಲ್ಲಿಗೆ ಮುಗಿಯಿತು. ಆ ಪಾಠ ಕೇಳಿದವರೆಲ್ಲ ತಮ್ಮನ್ನು ಯಾಕೆ ಹಾಗೆ ಬೈಯುತ್ತಿದ್ದರೆಂದು ಅವರಿಗೆ ಅಂದು ಅರ್ಥವಾಯಿತು.

ಅತ್ತೆ ಬಾಗಿಲಿಗೆ ಹೋಗಿ ಮೆಟ್ಟಿಲ ಕಡೆ ಮುಖ ಮಾಡಿ ಸಾರಿಬಿಟ್ಟರು: “ನಮ್ಮ ಅಳಿಯಂದಿರ ಗಂಟಲೂ ಕೆಟ್ಟಿದೆ, ಪೆಟ್ಟಿಗೇನೂ ಕೆಟ್ಟಿದೆ!”

ಮೇಲಿನ ಮನೆಯ ನಿವೃತ್ತ ಲೈನ್‌ಮನ್ ಟೆಸ್ಟರ್ ಹಿಡಿದೇ ಇಳಿದು ಬಂದರು. ಅವರ ಪ್ರಕಾರ ಜಗತ್ತಿನ ಸಕಲ ರೋಗಕ್ಕೂ ಕಾರಣ ಒಂದೇ.

“ಅರ್ಥಿಂಗ್ ಸರಿಯಿಲ್ಲ,” ಎಂದರು ಪೆಟ್ಟಿಗೆಯನ್ನು ನೋಡುವ ಮೊದಲೇ. “ಅಡುಗೆಮನೆ ಪಾಯಿಂಟು ನಾನೇ ಹಾಕಿದ್ದು, ಗಟ್ಟಿ ಇದೆ. ಅಲ್ಲಿಗೆ ಸಾಗಿಸೋಣ.”

ಬೇಡ ಎಂದು ಕಿರುಚಬೇಕು, ಅಷ್ಟರಲ್ಲಿ ಎದುರುಮನೆಯ ಅಕ್ಕ ಒಳಗೆ ಬಂದರು. ಅಳಿಯಂದಿರು ಕೂಗನ್ನು ನುಂಗಿಕೊಂಡರು. ಪೆಟ್ಟಿಗೆ ಪರದೆಯ ಸಮೇತ ಅಡುಗೆಮನೆಯ ಕಟ್ಟೆಯೇರಿ, ಒಲೆಯ ಪಕ್ಕ ಹಿಟ್ಟಿನ ಡಬ್ಬಿಯ ಜೊತೆ ಸಂಸಾರ ಹೂಡಿತು. ಆಟ ಶುರು, ಕೋಟೆ, ಹಸಿರು, ಕಪ್ಪು.

“ಬಿಸಿ ಆಗ್ತಿರಬೇಕು. ಗಾಳಿ ಹಾಕಿ,” ಎಂದು ಅಕ್ಕ ತಮ್ಮ ಮನೆಯ ಟೇಬಲ್ ಫ್ಯಾನ್ ತಂದು ಗುಂಡಿ ಒತ್ತಿದರು. ಡಬ್ಬಿಯ ಮುಚ್ಚಳ ತೆರೆದೇ ಇತ್ತು. ಗಳಿಗೆಯಲ್ಲಿ ಪೆಟ್ಟಿಗೆ, ಲೈನ್‌ಮನ್, ಅಳಿಯಂದಿರು ಎಲ್ಲರೂ ಬೆಳ್ಳಗಾದರು. ಹಿಟ್ಟು ಮೂಗಿಗೇರಿ ಅಳಿಯಂದಿರು ನಿಜವಾಗಿಯೇ ಕೆಮ್ಮಿದರು.

“ನೋಡಿ, ಎದೆಗೂ ಇಳೀತು,” ಎಂದು ಅತ್ತೆ ಮೆಣಸು ಶುಂಠಿ ಜಜ್ಜಿ ಕುದಿಸಿದ ಕಷಾಯ ಕೊಟ್ಟರು. ಅಕ್ಕ ತಮ್ಮದೇ ಬೇರೆ ಕಷಾಯ ತಂದರು. ಲೈನ್‌ಮನ್ ಅದನ್ನೂ ಇದನ್ನೂ ಬೆರೆಸಿ ಕೊಡಿ ಎಂದರು. ಬಾಯಿಲ್ಲದವನು ಬೇಡ ಎನ್ನುವುದಾದರೂ ಹೇಗೆ? ಅಳಿಯಂದಿರು ಕಣ್ಣಲ್ಲಿ ನೀರು ತುಂಬಿಕೊಂಡು ಮೂರನ್ನೂ ಕುಡಿದರು.

ಅಷ್ಟರಲ್ಲಿ ಅಕ್ಕನ ಕಣ್ಣು ಮತ್ತೆ ಆನ್ ಆಗಿದ್ದ ಪರದೆಯ ಮೇಲೆ ಬಿತ್ತು.

“ಏನ್ರೀ ಇದು ಕೋಟೆ?”

“ಆಫೀಸ್ ಕೆಲಸ,” ಎಂದು ಅಳಿಯನ ಪರವಾಗಿ ಅತ್ತೆಯೇ ಹೆಮ್ಮೆಯಿಂದ ಉತ್ತರಿಸಿದರು. “ಜೀವ ಹೋಗ್ತಿದ್ರೂ ಅವರಿಗೆ ಕೆಲಸದ್ದೇ ಧ್ಯಾನ.”

“ಹಾಗಿದ್ರೆ ಹೆಲ್ಪ್‌ಲೈನಿಗೇ ಮಾಡೋಣ, ನಮ್ಮ ತಮ್ಮಾನೇ ಇದಾನಲ್ಲ!” ಎಂದು ಅಕ್ಕ ಫೋನ್ ತೆಗೆದೇ ಬಿಟ್ಟರು. ಅಳಿಯಂದಿರು ಎರಡೂ ಕೈ ಆಡಿಸಿದರು. ತೊಂದರೆ ತಗೋಬೇಡಿ ಅಂತಿದಾರೆ, ಎಷ್ಟು ಸಂಕೋಚ ನೋಡಿ, ಎಂದು ಎಲ್ಲರೂ ಮೆಚ್ಚಿಕೊಂಡರು.

ಸ್ಪೀಕರಿನಲ್ಲಿ ಸೂಪರ್‌ವೈಸರರ ದನಿ ಮೊಳಗಿತು. “ನಮಸ್ಕಾರ. ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿದಿರಾ?”

“ಲೋ, ನಾನು ಕಣೋ. ನಿಮ್ಮ ಗಂಟಲು ಕೆಟ್ಟೋರ ಮನೇಲಿದೀನಿ. ಅವರ ಕಂಪ್ಯೂಟರ್ ಕೆಟ್ಟಿದೆ.”

“ಪಾಪ, ಮಲಗೋದು ಬಿಟ್ಟು ಕಂಪ್ಯೂಟರ್ ಯಾಕಂತೆ?”

“ಆಫೀಸ್ ಕೆಲಸ ಅಂತೆ. ಅಲ್ವೋ, ನಿಮ್ಮ ಆಫೀಸ್ ಕೆಲಸದಲ್ಲಿ ಕೋಟೆ ಯಾಕೋ ಬರುತ್ತೆ?”

ಅಳಿಯಂದಿರು ಮನೆ ಅದುರುವಂತೆ ಕೆಮ್ಮಿದರು. ಆ ಗದ್ದಲದಲ್ಲಿ ಪ್ರಶ್ನೆ ಮುಳುಗಿತು. ಬೇರೆ ಕರೆ ಬರುತ್ತಿದೆ, ನಿಮ್ಮ ಸಹನೆಗೆ ಧನ್ಯವಾದಗಳು ಎಂದು ಅಕ್ಕನಿಗೂ ಓದಿ ಸೂಪರ್‌ವೈಸರ್ ಫೋನಿಟ್ಟರು.

ಗಡಿಯಾರ ಮೂರು ದಾಟಿತ್ತು. ಅಳಿಯಂದಿರಿಗೆ ಅಳು ಬರುವುದೊಂದು ಬಾಕಿ. ಸೋತರೂ ಸರಿ, ತಮ್ಮನ್ನು ನಂಬಿಕೊಂಡ ನಾಲ್ವರನ್ನು ಕೋಟೆಯ ಬಾಗಿಲಲ್ಲಿ ಅನಾಥರಾಗಿ ಬಿಡುವುದು ಹೇಗೆ? ಕೆಟ್ಟದ್ದು ಕಣ್ಣಿಗೇ ಕಂಡೀತೋ ಎಂದು ಗಾಜಿನ ಬಾಗಿಲಿನ ಹಿಟ್ಟು ಒರೆಸಿ ಒಳಗೆ ಇಣುಕಿದರು. ಇಟ್ಟಿಗೆಯಷ್ಟು ಭಾರದ ಗ್ರಾಫಿಕ್ಸ್ ಕಾರ್ಡ್ ತನ್ನ ಗೂಡಿನಿಂದ ಅರ್ಧ ಕಳಚಿ ಒಂದು ಕಡೆಗೆ ಜೋತುಬಿದ್ದಿತ್ತು. ಅದರ ಕೆಳಗೆ ಏನೋ ಇರಬೇಕಿತ್ತಲ್ಲ! ತಾಮ್ರದ ಸುರುಳಿ! ಮೊನ್ನೆಯವರೆಗೂ ಕಾರ್ಡಿನ ಕೆಳಗೆ ನೆಟ್ಟಗೆ ನಿಂತು ದೀಪದ ಬೆಳಕಿಗೆ ಮಿರಮಿರ ಮಿಂಚುತ್ತಿತ್ತು. ಅದು ಬಿಸಿ ಹೀರುವ ವಿಶೇಷ ಭಾಗ ಎಂದು ಅಳಿಯಂದಿರು ಆಫೀಸಿನಲ್ಲೆಲ್ಲ ಕೊಚ್ಚಿಕೊಂಡಿದ್ದರು. ಈಗ ಅದೇ ನಾಪತ್ತೆ.

ಎಲ್ಲರತ್ತ ತಿರುಗಿ, ಬೆರಳನ್ನು ಗಿರಗಿರ ತಿರುಗಿಸಿ ಸುರುಳಿಯ ಸನ್ನೆ ಮಾಡಿದರು.

“ತಲೆ ಸುತ್ತುತ್ತಂತೆ!” ಎಂದರು ಅಕ್ಕ.

“ಹಬೆ ಹಿಡಿಸ್ಬೇಕು,” ಎಂದರು ಲೈನ್‌ಮನ್. ಅಳಿಯಂದಿರ ತಲೆಯ ಮೇಲೆ ಕಂಬಳಿ ಬಿತ್ತು, ಮೂಗಿನ ಕೆಳಗೆ ಕುದಿವ ನೀರಿನ ಪಾತ್ರೆ ಬಂತು. ಬೆವರಿಳಿದು, ಕಂಬಳಿಯ ಸಂದಿನಿಂದ ಗಾಳಿಗಾಗಿ ಮೂತಿ ಹೊರಹಾಕಿದಾಗ ಎದುರಿಗೆ ಕಂಡದ್ದು ಅತ್ತೆಯ ತೊಡೆ. ತೊಡೆಯ ಮೇಲೆ ದಿಂಬು, ದಿಂಬಿನ ಪಕ್ಕದಲ್ಲಿ ತಾಮ್ರದ ಸುರುಳಿ. ಅದರಿಂದ ಎಳೆಯೊಂದು ಹೊರಟು ಸೂಜಿಯ ಕಣ್ಣು ಹೊಕ್ಕಿತ್ತು.

ಅಳಿಯಂದಿರು ಕಂಬಳಿಯ ಸಮೇತ ಎಗರಿ ಅದನ್ನು ಹಿಡಿದರು.

“ನನ್ನ ತಾಮ್ರಬಣ್ಣದ ದಾರದ ರೀಲು ಕಣ್ರೀ ಅದು!” ಎಂದರು ಅತ್ತೆ. “ಎಷ್ಟು ದಿನದಿಂದ ಹುಡುಕ್ತಿದ್ದೆ. ನಿನ್ನೆ ನೋಡಿದ್ರೆ ನಿಮ್ಮ ಪೆಟ್ಟಿಗೇಲಿ, ಅಂಗಡಿ ಶೋಕೇಸಲ್ಲಿ ಇಟ್ಟ ಹಾಗೆ ಕೂತಿದೆ. ಮಗಳನ್ನ ಕೇಳಿದೆ. ಒಳಗಿನ ಹಲಗೆ ಜೋತುಬೀಳ್ತಿತ್ತು, ಕೈಗೆ ಸಿಕ್ಕಿದ್ದನ್ನ ಅಡಿಗೆ ಒತ್ತು ಕೊಟ್ಟೆ ಅಂದ್ಳು. ಕಸೂತಿ ಅರ್ಧಕ್ಕೆ ನಿಂತಿತ್ತಲ್ಲ, ತಗೊಂಡೆ. ಬಿಡಿ, ಈ ಹೂವೊಂದು ಮುಗಿಸಿ ಕೊಡ್ತೀನಿ.”

ಹೂವಿಗೆ ಎಸಳುಗಳಿದ್ದವು, ಎಸಳಿಗೆ ಅಂಚುಗಳಿದ್ದವು. ನಾಲ್ಕಕ್ಕೆ ಇನ್ನೇನು ಸ್ವಲ್ಪವೇ ಉಳಿದಿರುವಾಗ ಖಾಲಿ ರೀಲು ಕೈಗೆ ಬಂತು. ಕಾರ್ಡನ್ನು ಎತ್ತಿ ಅದನ್ನು ಕೆಳಗೆ ನಿಲ್ಲಿಸಿದರು. ಆಟ ಶುರುವಾಯಿತು. ಕೋಟೆಯ ಬಾಗಿಲು ತೆರೆಯಿತು. ಹಸಿರು ಗೆರೆ ಏಳಲಿಲ್ಲ. ಒಳಗಿನ ಬೀದಿ, ಬುರುಜು, ಬಾವುಟ ಎಲ್ಲ ಹೊಳೆಯಿತು. ಅರ್ಥಿಂಗ್ ಸರಿಹೋಯಿತು ಎಂದು ಲೈನ್‌ಮನ್ ಮೇಲೆ ಹೋದರು. ಅಕ್ಕ ಫ್ಯಾನ್ ಎತ್ತಿಕೊಂಡರು, ಅತ್ತೆ ಕಸೂತಿ ತೋರಿಸಲು ಅವರ ಹಿಂದೆಯೇ ನಡೆದರು.

ಮನೆ ಖಾಲಿ! ಅಳಿಯಂದಿರು ಬಾಗಿಲ ಚಿಲಕ ಹಾಕಿ, ಒಲೆಯ ಪಕ್ಕದಲ್ಲೇ ಕುರ್ಚಿ ಎಳೆದು ಕೂತು ಹೆಡ್‌ಫೋನ್ ಏರಿಸಿದರು. ಬೆಳಿಗ್ಗೆಯಿಂದ ನುಂಗಿದ ಕೂಗುಗಳೆಲ್ಲ ಹೊರಬರಲು ತುದಿಗಾಲಲ್ಲಿದ್ದವು.

“ಕ್ಯಾಪ್ಟನ್, ಬಂದ್ರಾ! ಶುರುವಾಯ್ತು, ಯಾವ ಕಡೆ? ಹೇಳಿ!”

ಅಳಿಯಂದಿರು ಎದೆ ತುಂಬ ಉಸಿರೆಳೆದು ಬಾಯಿ ತೆರೆದರು.

ಬರೀ ಗಾಳಿ ಬಂತು.

ಮತ್ತೊಮ್ಮೆ ತೆರೆದರು. ಉಪ್ಪುನೀರು, ಹಿಟ್ಟು, ಮೂರು ಕಷಾಯ, ಹಬೆ, ಮನೆ ಅದುರಿಸಿದ ಕೆಮ್ಮು ಎಲ್ಲ ಸೇರಿ ಗಂಟಲನ್ನು ತಿಂದುಹಾಕಿದ್ದವು.

“ಕ್ಯಾಪ್ಟನ್, ಕೇಳಿಸ್ತಿಲ್ಲ! ಎಡಕ್ಕಾ ಬಲಕ್ಕಾ?”

“ಮೈಕ್ ಕೆಟ್ಟಿರ್ಬೇಕು ಕಣ್ರೋ. ಕ್ಯಾಪ್ಟನ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ!”

ಇಬ್ಬರು ಎಡಕ್ಕೆ ಓಡಿದರು, ಇಬ್ಬರು ಬಲಕ್ಕೆ. ಗೋಡೆಯ ಮೇಲಿದ್ದ ಎದುರಾಳಿಗಳು ನಗುನಗುತ್ತ ಒಬ್ಬೊಬ್ಬರನ್ನೇ ಮುಗಿಸಿದರು. ನಡುವೆ ಒಬ್ಬರೇ ನಿಂತಿದ್ದ ಕ್ಯಾಪ್ಟನ್ ಬಾಯಿ ತೆರೆದುಕೊಂಡೇ ಸತ್ತರು. ಮುಂದಿನ ಸಲ ಬೇರೆಯವರನ್ನು ಕ್ಯಾಪ್ಟನ್ ಮಾಡೋಣ ಎಂದು ನಾಲ್ವರೂ ಅಲ್ಲೇ ತೀರ್ಮಾನಿಸಿದರು. ಬೇಡ ಎನ್ನಲು ಇವರಲ್ಲಿ ದನಿ ಇರಲಿಲ್ಲ.

ಹೆಡ್‌ಫೋನ್ ಕೆಳಗಿಡುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸೂಪರ್‌ವೈಸರ್.

“ಅಕ್ಕ ಮತ್ತೆ ಫೋನ್ ಮಾಡಿ ಆ ಕೋಟೆ ವಿಷಯಾನೇ ಕೇಳಿದ್ಲು. ಬುರುಜಿತ್ತಂತೆ, ಬಾವುಟ ಇತ್ತಂತೆ. ನಮ್ಮ ಮಗನೂ ಅದೇ ಆಟ ಆಡ್ತಾನೆ, ಇವತ್ತು ಫೈನಲ್ ಅಂತಿದ್ದ. ಏನ್ರೀ ಇದು? ಹೇಳಿ, ಬಾಯಿ ಬಿಟ್ಟು ಹೇಳಿ.”

ಅಳಿಯಂದಿರು ಪ್ರಾಣವನ್ನೆಲ್ಲ ಗಂಟಲಿಗೆ ತಂದುಕೊಂಡರು. “ಸ್... ಹ್... ಗ್...”

“ಸಾಕು ಬಿಡ್ರೀ,” ಎಂದರು ಸೂಪರ್‌ವೈಸರ್. “ಬೆಳಿಗ್ಗೆ ಇದಕ್ಕಿಂತ ಚೆನ್ನಾಗಿ ಮಾಡಿದ್ರಿ.”