ನೀಲಗಂಗಮ್ಮನ ಕಿಟಕಿ ಪಕ್ಕದ ಟೇಬಲ್ಲು

ಚನ್ನರಾಯಪಟ್ಟಣದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ಪಾಲಾಕ್ಷನಿಗೆ ಜರ್ಮನಿಯ ಮೇಲೆ ಕೆಟ್ಟ ಕೋಪ. ಇಡೀ ದೇಶದ ಮೇಲೆ. ಆ ದೇಶ ಅವನಿಗೆ ಮಾಡಿದ ಅಪಕಾರವೆಂದರೆ, ಅವನ ಹೆಂಡತಿ ನೀಲಗಂಗಮ್ಮನನ್ನು ಬೇಸಿಗೆ ಪೂರ್ತಿ ಇಟ್ಟುಕೊಂಡು, ಕೊನೆಗೆ ಅರ್ಧ ಮಾತ್ರ ವಾಪಸು ಕಳಿಸಿದ್ದು.

ಮಗಳು ರೂಪಶ್ರೀ ಅಲ್ಲಿ ನರ್ಸು. ಅವಳ ಬಾಣಂತನಕ್ಕೆಂದು ನೀಲಗಂಗಮ್ಮ ಹೋದಾಗ ಪಾಲಾಕ್ಷ ಅಂಗಡಿ ಎದುರಿನ ಹೋಟೆಲಿನಲ್ಲಿ ಉಣ್ಣುತ್ತಾ, ಹೆಂಡತಿಯ ಕೈಯ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಗಳನ್ನು ಕನಸಿನಲ್ಲಿ ತಿನ್ನುತ್ತಾ ವಿರಹ ಕಳೆದ. (ಕಾವ್ಯದಲ್ಲಿ ಬರುವಂಥದ್ದೇ ವಿರಹ, ಅಸಿಡಿಟಿ ಮಾತ್ರ ಹೆಚ್ಚು.) ಅವಳು ಬಂದ ಮಾರನೆಯ ರಾತ್ರಿ ಕೈಕಾಲು ತೊಳೆದು ತಟ್ಟೆಯ ಮುಂದೆ ಮಹಾರಾಜನಂತೆ ಕೂತ. ತಟ್ಟೆಗೆ ಬಿದ್ದದ್ದು ಎರಡು ಚೂರು ಬ್ರೆಡ್ಡು, ಒಂದು ಹೋಳು ಚೀಸು, ಸೌತೆಕಾಯಿ.

"ಇದೇನೇ ಇದು?"

"ರಾತ್ರಿ ಊಟ ಕಣ್ರೀ. ಅಲ್ಲಿ ರಾತ್ರಿ ಹೊತ್ತು ಒಲೆ ಅಚ್ಚೋದೇ ಕಮ್ಮಿ. ಒಟ್ಟೆ ಅಗುರಾಗಿರ್ತದೆ."

"ಇಷ್ಟು ದಿನ ಖಾಲಿನೇ ಇತ್ತಲ್ಲೇ, ಇನ್ನೆಷ್ಟು ಅಗುರಾಗ್ಬೇಕು?"

ಭಾನುವಾರ ಚಟ್ನಿಯೂ ಹೋಯಿತು. ಅಲ್ಲಿ ಭಾನುವಾರ ಯಾರೂ ಸದ್ದು ಮಾಡುವಂತಿಲ್ಲವಂತೆ. ಮಿಕ್ಸಿ ಮೌನವ್ರತ ಹಿಡಿಯಿತು. ಖಾಲಿ ಬಾಟಲಿಗಳು ಅಡುಗೆಮನೆಯ ಮೂಲೆಯಲ್ಲಿ ಸಾಲುಗಟ್ಟಿ ನಿಂತವು. ಅಲ್ಲಿಯ ಅಂಗಡಿಯಲ್ಲಿ ಒಂದು ಮಿಷನ್ನಿನ ಬಾಯಿಗೆ ಬಾಟಲಿ ಇಟ್ಟರೆ ಅದು ನುಂಗಿ ದುಡ್ಡಿನ ಚೀಟಿ ಕೊಡುತ್ತದಂತೆ. ಬಾಟಲಿ ಎಸೆಯಲು ಅವಳಿಗೆ ಇಲ್ಲಿ ಕೈಯೇ ಬಾರದು.

ಒಂದು ವಿಷಯದಲ್ಲಿ ಮಾತ್ರ ಪಾಲಾಕ್ಷ ಗೆದ್ದ. ಅಷ್ಟೆಲ್ಲ ಮಿಷನ್ನು ಕಂಡುಹಿಡಿದವರ ಊರಲ್ಲಿ, ಮಗಳ ಬೀದಿಯ ಹೋಟೆಲಿನವನು ನೋಟೇ ಕೊಡಿ ಅನ್ನುತ್ತಿದ್ದನಂತೆ. ರೈಲು ಕಾಡಿಗೆ ನುಗ್ಗಿದರೆ ಫೋನು ಸತ್ತೇಹೋಗುತ್ತಿತ್ತಂತೆ.

"ನಮ್ಮ ಎಳನೀರು ಸಿದ್ದರಾಜು ಗಾಡಿ ಮ್ಯಾಲೇ ಸ್ಕ್ಯಾನರ್ ನೇತಾಕವ್ನೆ ಕಣೆ! ಜರ್ಮನಿಯಂತೆ, ಜರ್ಮನಿ!" ಎಂದು ಎದೆಯುಬ್ಬಿಸಿದ. ನೀಲಗಂಗಮ್ಮ ಬಟ್ಟೆ ತೆಗೆಯಲು ತಾರಸಿಗೆ ಹೋದವಳು ಕೆಳಗಿಳಿಯಲೇ ಇಲ್ಲ.

ಪಾಲಾಕ್ಷ ಹುಡುಕಿಕೊಂಡು ಮೇಲೆ ಹೋದ. ಮಡಿಸದ ಸೀರೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಅವಳು ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದಳು.

"ಮಗು ಗ್ಯಾನ ಬಂತಾ?"

"ಮಗು ಗ್ಯಾನವೂ ಬತ್ತದೆ. ಆ ಬೇಕರಿ ಗ್ಯಾನವೂ ಬತ್ತದೆ."

"ಬೇಕರಿನಾ?"

"ಮಗು ಮಲಗ್ದಾಗ ರೂಪ 'ಒಂದ್ ಸುತ್ತು ಓಗ್ಬಾರಮ್ಮ' ಅಂತ ಕಳಿಸೋಳು. ತಿರುವಿನಲ್ಲೊಂದು ಬೇಕರಿ. ಕಿಟಕಿ ಪಕ್ಕ ಒಂದು ಪುಟ್ಟ ಟೇಬಲ್ಲು. ನಾನೇ ಕೇಳಿ, ನಾನೇ ಈಸ್ಕಂಡು, ಒಬ್ಳೇ ಕೂತ್ಕಂಡು ಕಾಫಿ ಕುಡಿಯೋಳು. ಯಾರ್ ಮನೆಯೋಳವ್ವ, ಯಾಕ್ ಒಬ್ಳೇ ಬಂದೆ ಅಂತ ಒಬ್ರೂ ಕೇಳ್ನಿಲ್ಲ. ಮೊದಲ್ನೇ ದಿನ ಕಣ್ಣಲ್ಲಿ ನೀರು ಬಂದ್ಬುಡ್ತು ಕಣ್ರೀ. ಕಾಫಿ ಕಹಿಯಾಗಿತ್ತು. ಅದಕ್ಕಲ್ಲ."

ಮದುವೆಯಾದಾಗಿನಿಂದ ಪಾಲಾಕ್ಷ ಹೆಂಡತಿಯನ್ನು ಒಮ್ಮೆಯೂ ಹೋಟೆಲಿಗೆ ಕರೆದೊಯ್ದವನಲ್ಲ. ತಾನು ಸ್ನೇಹಿತರ ಜೊತೆ ಬಿಸಿಬಿಸಿ ತಿಂದು, ಅವಳಿಗೆ ಮಸಾಲೆದೋಸೆ ಪಾರ್ಸೆಲ್ ತರುತ್ತಿದ್ದ. ಮನೆ ಸೇರುವಷ್ಟರಲ್ಲಿ ಅದು ಒದ್ದೆ ಕರ್ಚೀಫಿನಂತಾಗಿರುತ್ತಿತ್ತು. ಅದನ್ನೇ ಅವನು ಪ್ರೀತಿ ಅಂದುಕೊಂಡಿದ್ದ. ಅವಳು ಅದನ್ನು ತಿನ್ನುತ್ತಲೂ ಇದ್ದಳು.

ಆಗ ಹೊಳೆಯಿತು ಮಹೋಪಾಯ. ಹಿರೀಸಾವೆಯ ಹೈವೇ ಹೋಟೆಲಿನ ಪುಟ್ಟಸ್ವಾಮಿಗೆ ಫೋನು ಮಾಡಿ, ಭಾನುವಾರ ಕಿಟಕಿ ಪಕ್ಕದ ಟೇಬಲ್ಲು ಕಾದಿರಿಸಬೇಕೆಂದ.

"ಸಾ, ನಮ್ಮಲ್ಲಿ ಅಂಗೆಲ್ಲ ಇಲ್ಲ. ಬಸ್ಸಲ್ಲಿ ಸೀಟು ಇಡಿಯಂಗೆ ಟವಲ್ ಆಕ್ಬೇಕು," ಎಂದ ಪುಟ್ಟಸ್ವಾಮಿ. "ಓಗ್ಲಿ ಬುಡಿ, ನಾನೇ ಆಕಿರ್ತೀನಿ."

ಹಾಕಿಯೂ ಇದ್ದ. ಟವಲು ಎತ್ತಿ ನೀಲಗಂಗಮ್ಮ ಕಿಟಕಿಯ ಪಕ್ಕ ಕೂತಳು. ಹೊರಗೆ ಲಾರಿಗಳು, ತೆಂಗಿನ ತಲೆಗಳು, ದೂರದಲ್ಲೊಂದು ಟ್ರಾಕ್ಟರು. ಪಾಲಾಕ್ಷ ಹೆಮ್ಮೆಯಿಂದ ಎದುರಿನ ಕುರ್ಚಿ ಎಳೆದ.

"ನೀವು ಅಲ್ಲಿ ಕೂತ್ಕಳಿ," ಎಂದಳು.

"ಎಲ್ಲಿ?"

ಅವಳು ಕೈತೊಳೆಯುವ ಬೇಸಿನ್ನಿನ ಪಕ್ಕದ ಟೇಬಲ್ಲು ತೋರಿಸಿದಳು. "ಒಬ್ಳೇ ಕೂರೋದು ಅಂದ್ರೆ ಒಬ್ಳೇ ಕಣ್ರೀ. ಬೇಜಾರ್ ಮಾಡ್ಕಬ್ಯಾಡಿ."

ಪಾಲಾಕ್ಷ ಬೇಸಿನ್ನಿನ ನೆರೆಗೆ ಗಡೀಪಾರಾದ. ಸಪ್ಲಯರ್ ಬಗ್ಗಿ ಪಿಸುಗುಟ್ಟಿದ: "ಏನ್ ಸಾ, ಜಗಳಾನಾ?"

"ಇಲ್ಲಪ್ಪ. ಜರ್ಮನಿ."

ಮದುವೆಗೆ ಮುಂಚೆ ಹೆಣ್ಣು ನೋಡಲು ಹೋದಾಗಲೂ ಇಷ್ಟೇ ದೂರದಿಂದ ಅವಳನ್ನು ನೋಡಿದ್ದ. ಈಗ ಅವನು ಎದ್ದು ಬೇಸಿನ್ನಿನಲ್ಲಿ ಕೈ ತೊಳೆದು ತಿರುಗುವಷ್ಟರಲ್ಲಿ ಶ್ರವಣಬೆಳಗೊಳಕ್ಕೆ ಹೊರಟ ಯಾತ್ರಿಕರ ಬಸ್ಸು ಬಂದು, ದೊಡ್ಡ ಸಂಸಾರವೊಂದು ಅವನ ಟೇಬಲ್ಲನ್ನೂ ಆಕ್ರಮಿಸಿಕೊಂಡಿತು. ಜಾಗವಿಲ್ಲದೆ ಗೋಡೆಗೆ ಒರಗಿ ನಿಂತವನನ್ನು ಆ ಸಂಸಾರದ ಯಜಮಾನ ಮೇಲಿಂದ ಕೆಳಗೆ ನೋಡಿ, "ನೀರು ತಗೊಂಡ್ ಬಾರಪ್ಪ, ಆಮೇಲೆ ಎರಡು ಖಾಲಿ ದೋಸೆ," ಎಂದ. ಪಾಲಾಕ್ಷ ಸುಮ್ಮನೆ ಹೋಗಿ ಜಗ್ಗು ತಂದಿಟ್ಟ.

ಅಷ್ಟರಲ್ಲಿ ಕಿಟಕಿಯ ಕಡೆಯಿಂದ ನೀಲಗಂಗಮ್ಮ ಕೈಬೀಸಿದಳು. "ರೀ, ಇನ್ನೊಂದು ಕಾಫಿ ಯೋಳಿ."

ಇನ್ನೊಂದು! ಅದು ತನಗೇ ಎಂದು ಪಾಲಾಕ್ಷ ಹಿಗ್ಗಿದ. ತಾನೇ ಒಳಗೆ ಹೋಗಿ, ಲೋಟ ತುಳುಕದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದಿಟ್ಟ. ಅವಳು ಅದನ್ನು ತನ್ನತ್ತಲೇ ಎಳೆದುಕೊಂಡಳು. ಕಣ್ಣು ಹೊರಗಿನ ರಸ್ತೆಯ ಮೇಲಿತ್ತು. ಆ ಮುಖದಲ್ಲಿ ಅಂಥ ನೆಮ್ಮದಿಯನ್ನು ಅವನು ಕಂಡೇ ಇರಲಿಲ್ಲ.

"ಡಾಂಕೆ," ಎಂದಳು.

"ಅಂಗಂದ್ರೆ?"

"ಅಲ್ಲಿ ಕಾಫಿ ತಂದ್ಕೊಟ್ಟೋರ್ಗೆ ಅನ್ನೋ ಮಾತು."

ಅದರ ಹಿಂದೆಯೇ 'ಕೂತ್ಕಳಿ' ಎಂಬ ಇನ್ನೊಂದು ಮಾತು ಬರಬಹುದೆಂದು ಪಾಲಾಕ್ಷ ಕಾದ. ಬಂತು, ಬೇರೆಯದು.

"ಮುಂದಿನ್ ವಾರ ನೀವು ಬರೋದೇನೂ ಬ್ಯಾಡ. ಬಸ್ಸಲ್ಲಿ ನಾನೇ ಬತ್ತೀನಿ."

"ಆಗ್ಲಿ," ಎಂದವನು ಎದುರಿನ ಖಾಲಿ ಕುರ್ಚಿಯ ಬೆನ್ನನ್ನು ಒಮ್ಮೆ ಮೆಲ್ಲಗೆ ಸವರಿದ.

"ಏನಪ್ಪಾ," ಹಿಂದಿನಿಂದ ಯಜಮಾನನ ದನಿ ಬಂತು, "ದೋಸೆ ಯೋಳಿ ಎಷ್ಟೊತ್ತಾಯ್ತು?"

ಪಾಲಾಕ್ಷ ಕುರ್ಚಿ ಬಿಟ್ಟು ಅಡುಗೆಮನೆಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು ಕೂಗಿದ: "ಎರಡು ಖಾಲೀ..!"