ಮಾವ ಕೊಟ್ಟ ಬಾಳೆಕಂದು

ಕಾಫಿ ಬೆಳೆಯಲಾಗದವನನ್ನು ನಮ್ಮ ಕಡೆ ಯಾರೂ ಹೀಗಳೆಯುವುದಿಲ್ಲ. ಗಿಡ ಹೂ ಬಿಡುವ ಕಾಲಕ್ಕೆ ಹೂಮಳೆ ಕೈಕೊಟ್ಟಿತು, ಕಾಂಡಕ್ಕೆ ಹುಳ ಬಿತ್ತು, ಪಾಪ ಅವನಾದರೂ ಏನು ಮಾಡಿಯಾನು ಎಂದು ಸಮಾಧಾನ ಹೇಳುತ್ತಾರೆ. ಮೆಣಸಿನ ಬಳ್ಳಿ ಸೊರಗಿದರೂ ಅಷ್ಟೆ, ನಾಲ್ಕು ಜನ ಬಂದು ಬುಡ ನೋಡಿ ಲೊಚಗುಟ್ಟಿ ಹೋಗುತ್ತಾರೆ. ಆದರೆ ಬಾಳೆ ಬೆಳೆಯಲಾಗದವನಿಗೆ ಯಾರ ಅನುಕಂಪವೂ ದಕ್ಕುವುದಿಲ್ಲ. ಬಚ್ಚಲ ನೀರು ಹರಿದುಹೋಗುವ ಕಡೆ ಒಂದು ಕಂದು ಎಸೆದರೆ ತಾನೇ ಎದ್ದು ನಿಂತು, ಗೊನೆ ಹಾಕಿ, ಸುತ್ತ ಮರಿಗಳನ್ನು ಕಟ್ಟಿಕೊಂಡು ಸುಖವಾಗಿರುವ ಜೀವ ಅದು. ಅದನ್ನು ಕೊಲ್ಲಬೇಕಾದರೆ ವಿಶೇಷ ಪ್ರತಿಭೆ ಬೇಕು. ಅಂಥ ಪ್ರತಿಭೆ ನನ್ನಲ್ಲಿದೆ ಎನ್ನುವುದು ತೊಂಬತ್ತರ ದಶಕದ ಕೊನೆಯ ಕೆಲವು ವರ್ಷಗಳಲ್ಲಿ ನಿಸ್ಸಂಶಯವಾಗಿ ಸಾಬೀತಾಯಿತು. ಆಗ ನಾನು ಬಾಳ್ಳುಪೇಟೆಗೆ ಸಮೀಪದ, ಹೆದ್ದಾರಿಗೆ ಅಂಟಿಕೊಂಡೇ ಇದ್ದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠದ ಮೇಷ್ಟ್ರಾಗಿದ್ದೆ. ಶಾಲೆಯ ಹಿಂದಿನ ದಿಬ್ಬದ ಮೇಲೆ ಒಂದು ಸಣ್ಣ ಮನೆ ಕಟ್ಟಿಸಿದ್ದೆ. ಮನೆಯ ಹಿಂದೆ ಬಾಳೆಗೆಂದೇ ಹೇಳಿ ಮಾಡಿಸಿದಂಥ ಜಾಗವಿತ್ತು. ಇದನ್ನು ಹೇಳಿದವರು ನನ್ನ ಮಾವ ನಂಜಪ್ಪನವರು. ಹಾಗೆ ಹೇಳಿದ್ದಕ್ಕೆ ಅವರು ಆಮೇಲೆ ಎಷ್ಟು ಮರುಗಿದರೋ ನಾನು ಕೇಳಿಲ್ಲ.

ಮಾವನ ಊರು ಈಗ ಇಲ್ಲ. ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರಿನಲ್ಲಿ ಮುಳುಗಿತು. ಊರು ಬಿಟ್ಟು ಪಾಳ್ಯದ ಕಡೆ ಬಂದು ನೆಲೆಸುವಾಗ ಅವರು ಬಾಗಿಲು, ಹೆಂಚು, ದನಕರುಗಳ ಜೊತೆ ಒಂದು ಗೋಣಿಚೀಲದ ತುಂಬ ಹಿತ್ತಲ ಬಾಳೆಯ ಕಂದುಗಳನ್ನೂ ತಂದಿದ್ದರು. ದೇವರ ಪೆಟ್ಟಿಗೆಯನ್ನು ಮರೆತು ಮತ್ತೆ ಹೋಗಿ ತರಬೇಕಾಯಿತಂತೆ. ಬಾಳೆಕಂದು ಮಾತ್ರ ಮೊದಲ ಗಾಡಿಯಲ್ಲೇ ಬಂದಿತ್ತು ಎಂದು ನನ್ನ ಹೆಂಡತಿ ಪಾರ್ವತಿ ಈಗಲೂ ಹೇಳುತ್ತಾಳೆ. ಆ ಬಾಳೆಗೆ ಅಂಥ ಹೆಸರೇನೂ ಇರಲಿಲ್ಲ. ಅವರು ‘ನಮ್ಮೂರ್ ಬಾಳೆ’ ಎನ್ನುತ್ತಿದ್ದರು, ಅಷ್ಟೆ. ಮೋಟು ಹಣ್ಣು, ದಪ್ಪ ಸಿಪ್ಪೆ. ಹಳದಿಯಾದಾಗ ತಿಂದರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಸಿಪ್ಪೆ ಪೂರ್ತಿ ಕಪ್ಪಾಗಿ, ಅಂಗಡಿಯವನು ದನಕ್ಕೆ ಎಸೆಯುವ ಸ್ಥಿತಿಗೆ ಬಂದಾಗ ಮಾತ್ರ ಅದರ ರುಚಿ ಬಿಚ್ಚಿಕೊಳ್ಳುತ್ತಿತ್ತು. ಒಮ್ಮೆ ಹಾಗೆ ತಿಂದವರು ಬೇರೆ ಹಣ್ಣನ್ನು ಹಣ್ಣು ಎನ್ನುತ್ತಿರಲಿಲ್ಲ.

ನಮ್ಮ ಗೃಹಪ್ರವೇಶಕ್ಕೆ ಮಾವ ಅದರದೊಂದು ಕಂದನ್ನು ಹೆಗಲ ಮೇಲೆ ಹೊತ್ತು ಬಸ್ಸಿನಲ್ಲಿ ಬಂದರು. ಕಂಡಕ್ಟರು ಲಗೇಜಿನ ಟಿಕೆಟ್ ಕೇಳಿದನಂತೆ. “ಇದು ಲಗೇಜಲ್ಲ ಕಣಪ್ಪ, ಮಗಳ ಮನೆಗೆ ಹೊಂಟಿರೋ ನೆಂಟ” ಎಂದರಂತೆ. ನೆಂಟನನ್ನು ಉಪಚರಿಸುವ ಹುರುಪಿನಲ್ಲಿ ನಾನು ರೇಡಿಯೋದ ಕೃಷಿ ಕಾರ್ಯಕ್ರಮ ಕೇಳಿ ಬರೆದಿಟ್ಟುಕೊಂಡಿದ್ದ ಚೀಟಿ ಹಿಡಿದು, ಅಳತೆಯ ಟೇಪು ಹಾಸಿ, ಮೂರು ದಿನ ಗುಂಡಿ ತೋಡಿದೆ. ಮಾವ ಜಗಲಿಯ ಮೇಲೆ ಕೂತು ಎಲೆಯಡಿಕೆ ಜಗಿಯುತ್ತ ನೋಡಿದರು. ಕೊನೆಗೆ ತಡೆಯಲಾರದೆ, “ಮೇಷ್ಟ್ರೇ, ಬಾಳೆ ಮಡಗ್ತೀರೋ, ಬಾವಿ ತೋಡ್ತೀರೋ?” ಎಂದರು. ಮಳೆಗಾಲ ಹಿಡಿದ ಎಂಟನೇ ದಿನಕ್ಕೆ ಅವರ ಎರಡನೇ ಊಹೆಯೇ ನಿಜವಾಯಿತು. ಗುಂಡಿ ತುಂಬಿ ಕಂದು ತೇಲಿತು. ಊರಿನ ಜೊತೆ ಮುಳುಗದೆ ಉಳಿದಿದ್ದ ಬಾಳೆಯನ್ನು ನಾನು ಹಿತ್ತಲಲ್ಲೇ ಮುಳುಗಿಸಿದೆ.

ಮರುವರ್ಷ ಇನ್ನೊಂದು ಕಂದು ಬಂತು. ಅದನ್ನು ಮುಳ್ಳುಹಂದಿ ಬುಡದಿಂದಲೇ ಅಗೆದು ತಿಂದಿತು. ಇದರಲ್ಲಿ ನನ್ನ ತಪ್ಪಿಲ್ಲ ಎಂದು ವಾದಿಸಿ ನೋಡಿದೆ. “ಪಕ್ಕದ್ಮನೇಲಿ ಹತ್ತು ಗಿಡ ಐತಲ್ಲ, ಅದು ನಿಮ್ಮದೊಂದನ್ನೇ ಯಾಕೆ ತಿಂತು?” ಎಂದರು ಮಾವ. ಮುಳ್ಳುಹಂದಿಯ ಪರವಾಗಿ ನಾನೇ ಗುಂಡಿ ಮುಚ್ಚತೊಡಗಿದೆ. “ಹೋಗ್ಲಿ ಬಿಡಿ, ನಮ್ಮನೇಲಿ ಬೇಕಾದಷ್ಟೈತೆ” ಎಂದು ಅವರೇ ಮೂರನೆಯದನ್ನು ತಂದು, ಈ ಸಲ ತಾವೇ ನೆಟ್ಟು ಹೋದರು.

ಮೂರನೆಯದು ಬದುಕಿತು. ಬದುಕಿದ ಮೇಲೆ ಅದಕ್ಕೆ ನನ್ನ ಸ್ವಭಾವದಿಂದ ಗಂಡಾಂತರ ಒದಗಿತು. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ: ಯಾರು ಏನು ಕೇಳಿದರೂ ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಗಂಟಲಿನವರೆಗೆ ಬಂದ ಮಾತು ಅಲ್ಲಿಂದ ಹೊರಡುವಷ್ಟರಲ್ಲಿ ‘ಅದಕ್ಕೇನಂತೆ’ ಎಂದು ಬದಲಾಗಿರುತ್ತದೆ. ಮೇಷ್ಟ್ರ ಹಿತ್ತಲಲ್ಲಿ ಒಳ್ಳೆಯ ಅಗಲ ಎಲೆ ಇದೆ ಎಂಬ ಸುದ್ದಿ ಬೀದಿಗೆಲ್ಲ ಹಬ್ಬಿತು. ಒಬ್ಬರ ಮನೆಯಲ್ಲಿ ಶನಿವಾರದ ಪೂಜೆ, ಇನ್ನೊಬ್ಬರ ಮನೆಯಲ್ಲಿ ನಾಮಕರಣ, ಮತ್ತೊಬ್ಬರ ಮನೆಗೆ ಬೀಗರು. “ಒಂದೇ ಒಂದೆಲೆ ಸಾ” ಎಂದು ಕೇಳಿದವರಿಗೆಲ್ಲ ನಾನೇ ಸ್ಟೂಲು ಹಾಕಿಕೊಂಡು ಕೊಯ್ದು ಕೊಟ್ಟೆ. ಕೆಲವೇ ತಿಂಗಳಲ್ಲಿ ನಮ್ಮ ಬಾಳೆ ಆಗಸ್ಟ್ ಹದಿನಾರನೇ ತಾರೀಖಿನ ಧ್ವಜಸ್ತಂಭದಂತೆ ಬೋಳಾಗಿ ನಿಂತಿತು. ಒಂದು ಹಬ್ಬದ ದಿನ ನಮಗೇ ಊಟಕ್ಕೆ ಎಲೆಯಿಲ್ಲದೆ ಸ್ಟೀಲಿನ ತಟ್ಟೆ ಇಡುತ್ತ ಪಾರ್ವತಿ, “ರೀ, ಈ ಗಿಡ ಉದ್ಧಾರ ಆಗ್ಬೇಕಂದ್ರೆ ನೀವು ಎಲ್ಲಾದ್ರೂ ಊರಿಗೆ ಹೋಗ್ಬೇಕು ಕಣ್ರೀ” ಎಂದಳು.

ಅವಳ ಮಾತು ಸುಳ್ಳಾಗಲಿಲ್ಲ. ಎಲೆ ಕೇಳಿದವರಿಗೆಲ್ಲ ಅವಳೇ ಮುಖಕ್ಕೆ ಹೊಡೆದಂತೆ ಕೊಡುವುದಿಲ್ಲ ಎಂದು ಹೇಳಿ ಗಿಡವನ್ನು ಚೇತರಿಸಿಕೊಳ್ಳಲು ಬಿಟ್ಟಳು. ಏಪ್ರಿಲ್‌ನಲ್ಲಿ ನಾನು ಉತ್ತರ ಪತ್ರಿಕೆ ತಿದ್ದಲು ಹಾಸನಕ್ಕೆ ಹೋಗಿ ಎರಡು ವಾರ ಕಳೆದು ಬಂದಾಗ ಹಿತ್ತಲಲ್ಲಿ ಗೊನೆ ಹೊರಬಿದ್ದಿತ್ತು! ಒಂದರ ಮೇಲೊಂದು ಎಂಟು ಚಿಪ್ಪು. ನಾನು ಅಂಗಿ ಬದಲಿಸದೆ ಅದರ ಕೆಳಗೆ ನಿಂತು ಎಣಿಸಿದೆ. ಆ ಸಂತೋಷದಲ್ಲಿ ಏನಾದರೂ ಮಾಡಲೇಬೇಕೆನ್ನಿಸಿತು. ಬುಡದ ಕಂದುಗಳು ಗೊನೆಯ ಸತ್ವ ಹೀರುತ್ತವೆ ಎಂದು ರೇಡಿಯೋದಲ್ಲಿ ಹೇಳಿದ್ದು ನೆನಪಾಯಿತು. ಕುಡುಗೋಲು ತಂದು ನಾಲ್ಕು ಕಂದುಗಳನ್ನೂ ಸವರಿ ಒಲೆಯ ಬೂದಿಗುಂಡಿಗೆ ಹಾಕಿದೆ. ಅದಾದ ಮೂರನೇ ದಿನ ಮಾವ ಬಂದರು.

ಅವರನ್ನು ಅಷ್ಟು ಸಣ್ಣಗೆ ನಾನು ಅದುವರೆಗೆ ಕಂಡಿರಲಿಲ್ಲ. ಪಾಳ್ಯದ ಅವರ ಹಿತ್ತಲಿಗೆ ರೋಗ ಬಿದ್ದಿತ್ತು. ಎಲೆಗಳೆಲ್ಲ ತುದಿಯಲ್ಲಿ ಗೊಂಚಲಾಗಿ ಮುದುಡಿ, ಒಂದೊಂದೇ ಗಿಡ ಕುಬ್ಜವಾಗುತ್ತ ಬಂದು, ಕೊನೆಗೆ ಎಲ್ಲವನ್ನೂ ಕಿತ್ತು ಸುಡಬೇಕಾಗಿತ್ತು. “ಒಂದೂ ಉಳೀಲಿಲ್ಲ ಕಣವ್ವ, ಎಲ್ಲ ಹೋಗ್ಬುಡ್ತು” ಎಂದು ಮಗಳಿಗೆ ಹೇಳಿದರು. ಆಮೇಲೆ ಹಿತ್ತಲಿಗೆ ಬಂದು ನಮ್ಮ ಗಿಡವನ್ನು ಸುತ್ತಿ ನೋಡಿದರು. ಬುಡದ ಗಾಯಗಳನ್ನೂ ನೋಡಿದರು. ನನ್ನ ಮುಖ ನೋಡಿದರು. ಬಯ್ಯಲಿಲ್ಲ. “ಇನ್ನು ಲೋಕದಾಗೆ ಇದೊಂದೇ ಐತೆ, ಮೇಷ್ಟ್ರೇ. ಗೊನೆ ಕಡಿದ ಮ್ಯಾಲೆ ಗೆಡ್ಡೆ ಮತ್ತೆ ಮೊಳಕೆ ಕೊಡ್ತದೆ. ಅಲ್ಲೀಗಂಟ ಕೈಮುಗಿದು ಕೇಳ್ಕೋತೀನಿ, ಯಾರೂ ಮುಟ್ಬೇಡಿ” ಎಂದರು. ಯಾರೂ ಎಂದರೆ ಯಾರು ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಜೂನ್ ಮೊದಲ ವಾರ ನಮ್ಮ ಶಾಲೆಯ ಹೊಸ ಕೊಠಡಿಗಳ ಉದ್ಘಾಟನೆ ಬಂತು. ಹೆಡ್‌ಮಾಸ್ಟರು ಸ್ಟಾಫ್ ರೂಮಿಗೆ ಬಂದು, “ಸ್ವಾಗತ ಕಮಾನಿಗೆ ಗೊನೆ ಇರೋ ಬಾಳೆ ಬೇಕಲ್ಲ ಮೇಷ್ಟ್ರೇ, ನಿಮ್ಮ ಹಿತ್ತಲಲ್ಲಿ ಇದೆಯಂತೆ?” ಎಂದರು. ಎಂಟು ಜನ ಸಹೋದ್ಯೋಗಿಗಳು ನನ್ನತ್ತ ತಿರುಗಿದರು. ನಾನು, “ನೋಡೋಣ ಸಾರ್” ಎಂದೆ. ಮನಸ್ಸಿನಲ್ಲಿ ಅದು ಸಾಧ್ಯವೇ ಇಲ್ಲ ಎಂಬುದರ ಮೃದುವಾದ ರೂಪವಾಗಿತ್ತು. ಹೆಡ್‌ಮಾಸ್ಟರು ಅದನ್ನು ಪುಸ್ತಕದಲ್ಲಿ ‘ಬಾಳೆ ಆಯಿತು’ ಎಂದು ಬರೆದುಕೊಂಡರು. ಬರೆದುಕೊಳ್ಳುವುದನ್ನು ನಾನು ಕಂಡೆ. ಸಂಜೆ ಒಬ್ಬರೇ ಇರುವಾಗ ಹೇಳಿದರಾಯಿತು ಎಂದುಕೊಂಡೆ. ಸಂಜೆ ಅವರು ಒಬ್ಬರೇ ಇರಲಿಲ್ಲ.

ಉದ್ಘಾಟನೆಯ ದಿನ ಬೆಳಿಗ್ಗೆ ನಾನು ಶಾಲೆಯ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ‘ಸುಸ್ವಾಗತ’ ಬರೆಯುತ್ತಿದ್ದೆ. ಪಾರ್ವತಿ ಬಲಿಯುತ್ತಿದ್ದ ಗೊನೆ ತೋರಿಸಲು ಅಪ್ಪನನ್ನು ಕರೆದುಕೊಂಡು ಬರುತ್ತೇನೆಂದು ಹಿಂದಿನ ದಿನವೇ ಪಾಳ್ಯಕ್ಕೆ ಹೋಗಿದ್ದಳು. ಹೆಡ್‌ಮಾಸ್ಟರು ಕಳಿಸಿದ್ದ ಜವಾನ ರಂಗಪ್ಪ ಇಬ್ಬರು ಆಳುಗಳ ಜೊತೆ ನಮ್ಮ ಬಾಳೆಯನ್ನು ಹೊತ್ತು ಗೇಟಿನೊಳಗೆ ಬಂದ. “ಕಡುದ್ರೆ ಬಾಡ್ತದೆ ಅಂತ ಹಾರೆ ಹಾಕಿ ಬುಡ ಸಮೇತ ಕಿತ್ಕೊಂಡ್ ಬಂದೀವಿ ಸಾ. ಗೊನೆ ನೋಡಿ ಹೆಂಗೈತೆ!” ಎಂದ. ಆ ಕ್ಷಣದಲ್ಲೂ ನಾನು ಕೂಗಬಹುದಿತ್ತು, ವಾಪಸು ಹೊರಿಸಿ ನೆಡಿಸಬಹುದಿತ್ತು. ಅಷ್ಟರಲ್ಲಿ ಹೆಡ್‌ಮಾಸ್ಟರು ಎಲ್ಲರೆದುರು ನನ್ನ ಬೆನ್ನು ತಟ್ಟಿ, “ಶಾಲೆಯ ಮೇಲಿನ ಅಭಿಮಾನ ಅಂದ್ರೆ ಇದು” ಎಂದುಬಿಟ್ಟರು. ನಾನು, “ಅದಕ್ಕೇನಂತೆ ಸಾರ್” ಎಂದೆ. ಕೈಯಲ್ಲಿದ್ದ ಸೀಮೆಸುಣ್ಣ ಪುಡಿಯಾಗಿತ್ತು.

ಅತಿಥಿಗಳು ಎರಡು ಗಂಟೆ ತಡ. ನಾನು ಮೈಕಿನ ಮುಂದೆ ನಿಂತು, “ಇನ್ನೇನು ಕೆಲವೇ ಕ್ಷಣಗಳಲ್ಲಿ” ಎಂದು ಹೇಳುತ್ತಲೇ ಇದ್ದೆ. ಹಾಗೆ ಹೇಳುತ್ತಿರುವಾಗಲೇ ಗೇಟಿನೆದುರು ಬಸ್ಸು ನಿಂತು ಮಾವ ಮತ್ತು ಪಾರ್ವತಿ ಇಳಿದರು. ಕಮಾನಿಗೆ ಕಟ್ಟಿದ ಬಾಳೆ ಬಸ್ಸಿನ ಕಿಟಕಿಯಿಂದಲೇ ಕಂಡಿತ್ತಂತೆ. ಮಾವ ನೆಟ್ಟಗೆ ಕಮಾನಿನ ಬಳಿ ಬಂದು ಗಿಡದ ದಿಂಡನ್ನು ಹಿಡಿದುಕೊಂಡು ನಿಂತರು. ನನ್ನ ಕಡೆ ನೋಡಲಿಲ್ಲ. ಬಗ್ಗಿ ಬುಡ ಮುಟ್ಟಿ ನೋಡಿ, ಹೆಗಲ ಟವಲನ್ನು ಬಕೆಟ್ ನೀರಿನಲ್ಲಿ ಅದ್ದಿ ತಂದು ಗೆಡ್ಡೆಗೆ ಸುತ್ತಿದರು. ಆಮೇಲೆ ಮತ್ತೆ ದಿಂಡು ಹಿಡಿದು ನಿಂತರು. ಕೊನೆಗೂ ಬಂದ ಮುಖ್ಯ ಅತಿಥಿಗಳು ಇವರನ್ನು ಊರ ಹಿರಿಯರೆಂದು ತಿಳಿದು ಮೊದಲು ಇವರಿಗೇ ಕೈಮುಗಿದರು. ಮಾವ ಒಂದು ಕೈಯಿಂದ ನಮಸ್ಕಾರ ಮಾಡಿದರು. ಇನ್ನೊಂದು ಕೈಯನ್ನು ದಿಂಡಿನಿಂದ ತೆಗೆಯಲಿಲ್ಲ.

ಸಮಾರಂಭ ಮುಗಿದಾಗ ಗೊನೆಯನ್ನು ಯಾರೋ ಕಡಿದು ಅತಿಥಿಗಳ ಜೀಪಿನ ಹಿಂದೆ ಹಾಕಿದರು. ಅದನ್ನೂ ನಾನು ನೋಡಿದೆ. ಸಿಪ್ಪೆ ಕಪ್ಪಾಗುವವರೆಗೆ ಕಾಯಬೇಕೆಂದು ಅವರಿಗೆ ಹೇಳುವವರೂ ಇರಲಿಲ್ಲ. ಮಾವ ದಿಂಡನ್ನು ಅಲ್ಲೇ ಬಿಟ್ಟು, ಗೆಡ್ಡೆಯನ್ನು ಒದ್ದೆ ಟವಲಿನಲ್ಲಿ ಕಟ್ಟಿ ಹೆಗಲಿಗೇರಿಸಿಕೊಂಡು ದಿಬ್ಬ ಹತ್ತಿದರು. ಹಿಂದೆ ಪಾರ್ವತಿ. ಅವಳ ಹಿಂದೆ, ಅಷ್ಟು ದೂರದಲ್ಲಿ, ನಾನು. ಗೆಡ್ಡೆ ನೆಟ್ಟು ಕೈ ತೊಳೆದುಕೊಂಡ ಮೇಲೆ ಮಾವ ಹೇಳಿದ್ದು ಇಷ್ಟೆ: “ಜೀವ ಐತೆ. ಮಳೆ ಹುಯ್ಯೋ ಕಾಲ. ನೀವು ನೀರು ಬುಡ್ಬೇಡಿ, ಗೊಬ್ಬರ ಹಾಕ್ಬೇಡಿ. ಏನೂ ಮಾಡ್ಬೇಡಿ.”

ಏನೂ ಮಾಡದಿರುವುದು ಎಷ್ಟು ಕಷ್ಟದ ಕೆಲಸವೆಂದು ನನಗೆ ಆಗ ತಿಳಿಯಿತು. ಎಂಟು ದಿನ ದೂರದಿಂದ ನೋಡಿದೆ. ಮಣ್ಣು ಮಣ್ಣಾಗಿಯೇ ಇತ್ತು. ಒಂಬತ್ತನೇ ದಿನ ಶಾಲೆಗೆ ಹೊರಡುವ ಮುಂಚೆ, ಸುಮ್ಮನೆ ಒಂದು ಬೆರಳಿನಿಂದ, ಮೇಲಿನ ಮಣ್ಣನ್ನಷ್ಟೇ ಸರಿಸಿ ನೋಡಿದೆ. ಏನೂ ಇರಲಿಲ್ಲ. ಮತ್ತೆ ಮುಚ್ಚಿದೆ. ಆಮೇಲೆ ಅದು ಹಲ್ಲುಜ್ಜುವಷ್ಟೇ ಅಭ್ಯಾಸವಾಯಿತು. ಪಾರ್ವತಿ ಒಲೆಯ ಮುಂದಿರುವ ಹೊತ್ತು ನೋಡಿಕೊಂಡು ಹೋಗುತ್ತಿದ್ದೆ. ಒಂದು ಮುಂಜಾನೆ ಬೆರಳಿಗೆ ಏನೋ ಮೆತ್ತಗೆ ತಗುಲಿತು. ಎಷ್ಟು ಸಂತೋಷವಾಯಿತೆಂದರೆ ಇನ್ನೂ ಸ್ವಲ್ಪ ಮಣ್ಣು ಸರಿಸಿದೆ. ಬೆಳ್ಳಗೆ, ಎಳೆ ಮಗುವಿನ ಹಲ್ಲಿನಂಥ ಮೊಳಕೆ. ಅದು ನನ್ನ ಉಗುರಿಗೆ ಸಿಕ್ಕಿ ಪಟ್ಟನೆ ಮುರಿದು ಅಂಗೈಗೆ ಬಂತು. ಅದನ್ನು ಎಲ್ಲಿತ್ತೋ ಅಲ್ಲೇ ಇಟ್ಟು, ಮಣ್ಣು ಮುಚ್ಚಿ, ಕೈ ತೊಳೆದು ಶಾಲೆಗೆ ಹೋದೆ. ಅಂದು ಹತ್ತನೇ ತರಗತಿಗೆ ಯಾವ ಪಾಠ ಮಾಡಿದೆನೋ ನೆನಪಿಲ್ಲ. ಗೆಡ್ಡೆ ಮತ್ತೆ ಮೊಳೆಯಲಿಲ್ಲ. ಜುಲೈ ಮಳೆಗೆ ಕೊಳೆತುಹೋಯಿತು.

ಆಗಸ್ಟಿನಲ್ಲಿ ಮಳೆ ಹೊಳವಾಗಿ ಬಿಸಿಲು ಬಿದ್ದ ಒಂದು ಮಧ್ಯಾಹ್ನ ಮಾವ ಬಂದರು. ಹಿತ್ತಲಿಗೆ ಹೋಗಿ ನೋಡಿ, ಬಂದು ಜಗಲಿಯ ಮೇಲೆ ನನ್ನ ಪಕ್ಕ ಕೂತರು. ಎಲೆಗೆ ಸುಣ್ಣ ಹಚ್ಚುತ್ತ, ತಲೆಯೆತ್ತದೆ, “ಮೇಷ್ಟ್ರೇ, ಗೆಡ್ಡೆ ಕೆದಕಿ ನೋಡಿದ್ರಾ?” ಎಂದು ಕೇಳಿದರು. ಒಳಗೆ ಪಾರ್ವತಿಯ ಬಳೆಯ ಸದ್ದು ನಿಂತಿತು.

“ಇಲ್ಲ ಮಾವ” ಎಂದೆ. ಎಷ್ಟು ಸಲೀಸಾಗಿ, ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ನನಗೇ ಆಶ್ಚರ್ಯವಾಯಿತು.

ಮಾವ ತಲೆಯಾಡಿಸಿದರು. ಎಲೆ ಮಡಚಿ ಬಾಯಿಗಿಟ್ಟುಕೊಂಡು, ಒಂದಷ್ಟು ಹೊತ್ತು ಜಗಿದು, ಮೆಲ್ಲಗೆ ನಕ್ಕರು. “ನಾನು ಕೆದಕ್ಬುಟ್ಟಿದ್ದೆ ಕಣ್ರೀ. ಪಾಳ್ಯಕ್ಕೆ ಬಂದ ಹೊಸದ್ರಲ್ಲಿ. ಒಂದು ಚೀಲ ಕಂದು ತಂದಿದ್ನಲ್ಲ, ಬೇರು ಬಿಟ್ಟವೋ ಇಲ್ವೋ ಅಂತ ದಿನಾ ಕೆದಕಿ ಕೆದಕಿ, ಅರ್ಧಕ್ಕರ್ಧ ನಾನೇ ಸಾಯಿಸ್ದೆ. ನಮ್ಮವ್ವಂಗೂ ಹೇಳ್ಲಿಲ್ಲ, ಇವತ್ತಿನವರ್ಗೂ ಯಾರಿಗೂ ಹೇಳಿಲ್ಲ. ನಿಮಗೊಬ್ಬರಿಗೇ ಹೇಳ್ತಿರೋದು.”

ಇಷ್ಟು ಹೇಳಿ ಅವರು ನನ್ನ ಮುಖವನ್ನೇ ನೋಡುತ್ತ ಕಾದರು. ನಾನು ಆಗಲೇ ಇಲ್ಲ ಎಂದಾಗಿತ್ತಲ್ಲ. ಹಾಗಾಗಿ, ಬಾಳೆಯ ಗೆಡ್ಡೆಯನ್ನು ಜನ್ಮದಲ್ಲಿ ಕೆದಕದವನು ಕೂರುವ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, “ಛೆ, ಹಾಗೆ ಮಾಡಬಾರದಿತ್ತು ಮಾವ” ಎಂದೆ.