ಕಲ್ಲಿನ ಎಣ್ಣೆ ಬಿಡಿಸುವ ಹೆಪ್ಪು

ಹುಲಿಗೇಶ ಮಾಡಿದ ತಪ್ಪು ಒಂದೇ. ತನ್ನ ಸಂಶೋಧನೆಯನ್ನು ತಾಯಿಗೆ ಅರ್ಥವಾಗುವಂತೆ ಹೇಳಿಬಿಟ್ಟಿದ್ದ.

ರಾಯಚೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಅವನು ಮಾನ್ವಿಯ ಮನೆಯ ಅಡುಗೆಕೋಣೆಯಲ್ಲಿ ಐದು ಲೀಟರಿನ ಒಂದು ಕ್ಯಾನು ಇಟ್ಟಿದ್ದ. ಅದರೊಳಗೆ ಬೆಲ್ಲದ ಮಡ್ಡಿ ತಿಂದು ಬದುಕುವ ಸೂಕ್ಷ್ಮಜೀವಿಗಳಿದ್ದವು. ಭೂಮಿಯ ಆಳದಲ್ಲಿ, ಎಂಥ ಪಂಪಿಗೂ ಬಗ್ಗದೆ ಬಂಡೆಗೆ ಅಂಟಿಕೊಂಡ ಕಚ್ಚಾ ಎಣ್ಣೆಯನ್ನು ಇವು ಸಾಬೂನಿನಂಥ ರಸ ಬಿಟ್ಟು ಬಿಡಿಸುತ್ತವೆ ಎಂಬುದು ಅವನ ನಾಲ್ಕು ವರ್ಷದ ವಾದ. ಹೋದ ವಾರ ಕಾಲೇಜಿನ ಫ್ರಿಜ್ ಕೆಟ್ಟು ಅಲ್ಲಿನ ಬಾಟಲಿಗಳೆಲ್ಲ ಹಾಳಾಗಿ, ಉಳಿದದ್ದು ಈ ಕ್ಯಾನು ಮಾತ್ರ. ಇವತ್ತು ಸಂಜೆ ನಾಲ್ಕಕ್ಕೆ ತೈಲ ಕಂಪನಿಯ ವಿಜ್ಞಾನಿಯೊಬ್ಬರು ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಹುಲಿಗೇಶನಿಗೆ ಕೆಲಸ.

"ಅದರಾಗೇನದಪಾ?" ಎಂದು ತಾಯಿ ಮೂಕಮ್ಮ ನಿನ್ನೆ ಕೇಳಿದ್ದಳು.

"ಹೆಪ್ಪು ಇದ್ದಂಗವ್ವಾ. ಒಂದು ಚಮಚ ಉಳಿದ್ರೂ ಮತ್ತ ಬೆಳೀತದ. ಕಲ್ಲಿಗೆ ಹತ್ತಿದ ಎಣ್ಣಿ ಬಿಡಿಸ್ತದ."

ಬೆಳಿಗ್ಗೆ ಅವನು ಕ್ಷೌರ ಮಾಡಿಸಿಕೊಂಡು ಬರುವಷ್ಟರಲ್ಲಿ, ತೊಳೆದ ಕ್ಯಾನು ಅಂಗಳದಲ್ಲಿ ಬೋರಲು ಬಿದ್ದು ಒಣಗುತ್ತಿತ್ತು.

"ಯವ್ವಾ! ಇದರಾಗಿಂದು ಎಲ್ಲಿ?"

"ಓಣ್ಯಾಗ ಹಂಚಿದ್ನೆಪಾ. ಮೊದಲು ನಮ್ಮ ಮಿರ್ಚಿ ಕರಿಯೋ ಬಾಣಲಿಗೆ ಒಂದೀಟು ಹಾಕಿ ತಿಕ್ಕಿದೆ. ಕನ್ನಡಿ ಆತು ನೋಡು! ಗೋಪಮ್ಮ ಕಂಡ್ಲು, ವಾಹಿದಾ ಕಂಡ್ಲು. ಹೆಪ್ಪು ಕೇಳಿದ್ರ ಇಲ್ಲನ್ನಾಕ ಬರ್ತದೇನು?" ಆಮೇಲೆ ದನಿ ತಗ್ಗಿಸಿ, "ಶಿವಬಸಮ್ಮನೂ ಬಂದಿದ್ಲು" ಎಂದಳು.

ಎದುರುಮನೆಯ ಶಿವಬಸಮ್ಮ ಎಂಟು ವರ್ಷದಲ್ಲಿ ಇವರ ಮನೆಯಿಂದ ಒಂದು ಚಮಚ ಹೆಪ್ಪು ಇಸಿದುಕೊಂಡವಳಲ್ಲ. ಬೇಕಾದಾಗ ಮೂರು ಓಣಿ ದಾಟಿ ತಮ್ಮ ಜಾತಿಯವರ ಮನೆಗೇ ಹೋಗುವವಳು. ಇವತ್ತು ತಾನಾಗಿ ತಂಬಿಗೆ ಹಿಡಿದು ಬಾಗಿಲಿಗೆ ಬಂದಿದ್ದಳು. ಪಾತ್ರೆ ತಿಕ್ಕುವ ಹೆಪ್ಪಿಗೆ ಯಾವ ಮಡಿ, ಯಾವ ಮೈಲಿಗೆ! ಆದರೂ ಮೂಕಮ್ಮನ ಮುಖದಲ್ಲಿ ಹಬ್ಬವಿತ್ತು. ಆ ಮುಖ ನೋಡಿ ಮಗ ಬೈಯುವುದನ್ನು ಬಿಟ್ಟು, ಒಂದು ಹನಿಯಾದರೂ ಉಳಿದಿದೆಯೇ ಎಂದು ಕ್ಯಾನು ಎತ್ತಿ ಒಳಗೆ ಇಣುಕಿದ.

"ಯಾಕ ಗಾಬರಿ ಆಗ್ತಿ? ಹೆಪ್ಪು ಯಾರ ಮನ್ಯಾಗರ ಉಳಿದಿರ್ತದ, ಇಸಗೊಂಡು ಬಾ ಹೋಗು" ಎಂದಳು ತಾಯಿ.

ಹುಲಿಗೇಶ ಓಡಿದ. ಗೋಪಮ್ಮ ಒಲೆಕಟ್ಟೆ ತಿಕ್ಕಿ, ಕುದಿವ ನೀರು ಸುರಿದು ಮುಗಿಸಿದ್ದಳು. ವಾಹಿದಾ ಮೆಕ್ಯಾನಿಕ್ ಗಂಡನ ಬಟ್ಟೆಗೆಲ್ಲ ಖಾಲಿ ಮಾಡಿದ್ದಳು.

"ಕಲಿ ಹೋತು ಖರೆ, ನಾತ ಹೋಗವಲ್ದು. ಅದಕ್ಕೂ ಒಂದು ಏನರ ಕಂಡುಹಿಡಿಯಪಾ" ಎಂದು ಅವಳು ಬೇರೆ ಕೆಲಸ ಹಚ್ಚಿದಳು.

ಶಿವಬಸಮ್ಮನ ಪಾಲು ಅವಳ ಮನೆಯಲ್ಲೇ ಇರಲಿಲ್ಲ. "ನಮ್ಮಣ್ಣ ಮಹಾಂತಯ್ಯ ಬಂದಿದ್ದ. ಮಿಲ್ಲಿಗೆ ಬೇಕಂತ ತಂಬಿಗಿ ಸಮೇತ ಸಿರವಾರಕ್ಕ ಒಯ್ದ" ಎಂದಳು.

ಹುಲಿಗೇಶನಿಗೆ ಹೋದ ಜೀವ ಬಂದಂತಾಯಿತು. ಮಹಾಂತಯ್ಯನ ಅಕ್ಕಿ ಮಿಲ್ಲು ಅಂದರೆ ಅವನ ಸೂಕ್ಷ್ಮಜೀವಿಗಳ ತವರುಮನೆ. ನಾಲ್ಕು ವರ್ಷದ ಹಿಂದೆ ಅಲ್ಲಿನ ಹಳೇ ಡೀಸೆಲ್ ಎಂಜಿನ್ನಿನ ಕೆಳಗೆ, ಚಪ್ಪಡಿಗಳ ಸಂದಿಯಲ್ಲಿದ್ದ ಕಪ್ಪು ಜಿಡ್ಡುಮಣ್ಣಿನಿಂದಲೇ ಅವನ್ನು ಹೆಕ್ಕಿ ತಂದಿದ್ದ. ತಂಬಿಗೆ ಖಾಲಿಯಾದರೂ ಮಣ್ಣು ಎಲ್ಲಿ ಹೋದೀತು? ಒಂದು ಚಿಟಿಕೆ ಸಿಕ್ಕರೆ ಸಾಕು, ಸಂಜೆ ಸಾಹೇಬರಿಗೆ ಅದನ್ನೇ ತೋರಿಸಿ ಮತ್ತೆ ಬೆಳೆಸಬಹುದು. ಬೈಕು ಹತ್ತಿದ.

ಮಿಲ್ಲಿನೊಳಗೆ ಕಾಲಿಟ್ಟವನು ನಿಂತಲ್ಲೇ ನಿಂತ. ಎಂಜಿನ್ನಿನ ಕೆಳಗಿನ ಚಪ್ಪಡಿಯಲ್ಲಿ ಅವನ ಮುಖವೇ ಕಾಣುತ್ತಿತ್ತು.

"ಬಾರಪಾ ವಿಜ್ಞಾನಿ!" ಮಹಾಂತಯ್ಯ ಖುಷಿಯಿಂದ ಕರೆದ. "ನಾಳಿ ಮಗಳ್ನ ನೋಡಾಕ ಬೀಗರು ಬರ್ತಾರ. ನಾಕು ಆಳು ಹಚ್ಚಿ ಸಂದ್ಯಾಗಿನ ಮಣ್ಣೆಲ್ಲ ಕೆರಸಿ ಕಾಲುವಿಗೆ ಹಾಕಿಸಿದೆ. ನಿನ್ನ ಹೆಪ್ಪು ಸುರುವಿ ತಿಕ್ಕಿಸಿದೆ. ಹುಳಹುಪ್ಪಡಿ ಉಳೀಬಾರದಂತ ಮ್ಯಾಲ ಬ್ಲೀಚಿಂಗ್ ಪುಡಿ ಹೊಡಸೀನಿ."

ಹುಲಿಗೇಶ ಆ ಕಲ್ಲಿನ ಮೇಲೆಯೇ ಕುಳಿತ. ನಾಲ್ಕು ವರ್ಷ ಬೆಲ್ಲ ಉಣಿಸಿ ಸಾಕಿದ ಜೀವಗಳು ತವರಿಗೆ ಬಂದು, ತವರನ್ನು ತೊಳೆದು, ತಾವೂ ತೊಳೆದುಹೋಗಿದ್ದವು. ಅವನ ವಾದ ಇಷ್ಟು ಚೆನ್ನಾಗಿ ಯಾವ ಪ್ರಯೋಗಾಲಯದಲ್ಲೂ ಗೆದ್ದಿರಲಿಲ್ಲ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಗ ಕೊನೆಯದೊಂದು ಉಪಾಯ ಹೊಳೆಯಿತು.

"ಅಣ್ಣಾರ, ಒಂದು ಉಪಕಾರ ಮಾಡ್ರಿ. ನನಗ ಕೆಲಸ ಕೊಡೋ ಎಣ್ಣಿ ಕಂಪನಿ ಸಾಹೇಬ್ರಿಗೆ ಫೋನ್ ಹಚ್ಚಿ ಕೊಡ್ತೀನಿ. ಮೂವತ್ತು ವರ್ಷದ ಎಣ್ಣಿ ಒಂದು ತಾಸಿನ್ಯಾಗ ಕಲ್ಲು ಬಿಟ್ಟು ಬಂತು ಅಂತ ಇಷ್ಟು ಹೇಳ್ರಿ."

ಮಹಾಂತಯ್ಯ ಅತ್ತಿತ್ತ ನೋಡಿ, ಅವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ.

"ಎಣ್ಣಿ? ನಮ್ಮ ಮಿಲ್ಲಿನ್ಯಾಗ ಯಾವಾಗಿತ್ತಲೇ ಎಣ್ಣಿ? ಬೀಗರ ಕಿವಿಗೆ ಬಿದ್ರ ಏನು ತಿಳ್ಕೊಂತಾರ!"

ಆಮೇಲೆ ಖಾಲಿ ತಂಬಿಗೆಯನ್ನು ಅವನ ಕೈಗಿಟ್ಟ.

"ಬರೇ ಕೈಲೆ ಯಾಕ ಬಂದಿ? ಬೀಗರದೂ ಒಂದು ಮಿಲ್ಲು ಅದ, ಭಾಳ ಹೊಲಸದ ಅಂತ. ನಿಮ್ಮ ಮನ್ಯಾಗ ಒಂದು ಚಮಚ ಹೆಪ್ಪರ ಉಳಿಸಿರಬೇಕಲ್ಲ?"